ಗೊಂಬೆಗಳ ಜಾಗದಲ್ಲಿ ಒಂದು ಸೈಕಲ್ಲು

ಮನೆಗೆ ಹೊಸದಾಗಿ ಬಂದವರ ಬಗ್ಗೆ ಮೊದಲ ನೋಟದಲ್ಲೇ ತೀರ್ಪು ಕೊಡಬಾರದು ಎಂದು ತಿಳಿದವರು ಹೇಳುತ್ತಾರೆ. ಹದಿನೈದು ವರ್ಷದಿಂದ ಇಂಗ್ಲೆಂಡಿನಲ್ಲಿ ಜಿಪಿ, ಎಂದರೆ ಬಡಾವಣೆಯ ಡಾಕ್ಟರು, ಆಗಿರುವ ನನಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಕೆಮ್ಮುತ್ತ ಒಳಗೆ ಬಂದವರಿಗೆ ಮಂಡಿನೋವು, ಕುಂಟುತ್ತ ಬಂದವರಿಗೆ ಕಿವಿನೋವು ಇರುವುದನ್ನು ದಿನಬೆಳಗಾದರೆ ನೋಡುತ್ತೇನೆ. ಹಾಗಿದ್ದೂ ಹೇಳಿಬಿಡುತ್ತೇನೆ, ನಮ್ಮವರು ತಂದ ಆ ಸೈಕಲ್ಲನ್ನು ಮೊದಲ ಸಲ ನೋಡಿದಾಗ ನನಗೆ ಸಿಟ್ಟು ಬಂತು. ಎರಡನೆಯ ಸಲವೂ ಬಂತು. ಮೂರನೆಯ ಸಲ ಕತ್ತಲಲ್ಲಿ ನೀರು ಕುಡಿಯಲು ಎದ್ದಾಗ ಅದರ ಹ್ಯಾಂಡಲ್ಲು ಪಕ್ಕೆಗೆ ತಿವಿಯಿತು. ಆಮೇಲೆ ನಾನು ಎಣಿಸುವುದನ್ನು ಬಿಟ್ಟೆ.

ನಮ್ಮವರು ಇಲ್ಲೇ ಶೆಫೀಲ್ಡಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ತಜ್ಞರು. ಜನರನ್ನು ಮಲಗಿಸುವುದೇ ಕಸುಬಾದ್ದರಿಂದಲೋ ಏನೋ, ರಜೆಯ ದಿನ ತಾವೂ ಮಲಗಿಯೇ ಇರುತ್ತಿದ್ದರು. ಅವರಿಗೆ ನಲವತ್ತೇಳು ತುಂಬುವವರೆಗೆ ನಮ್ಮ ಸಂಸಾರ ಹಾಗೆ ಸುಖವಾಗಿಯೇ ನಡೆದಿತ್ತು. ಅಷ್ಟರಲ್ಲಿ ಇವರ ಜೊತೆಯ ಸರ್ಜನ್ನರಿಗೆಲ್ಲ ಭಾನುವಾರ ಬೆಳಿಗ್ಗೆ ಪೀಕ್ ಡಿಸ್ಟ್ರಿಕ್ಟಿನ ಗುಡ್ಡಗಳಲ್ಲಿ ಸೈಕಲ್ ತುಳಿಯುವ ಹುಚ್ಚು ಹಿಡಿಯಿತು. ಹುಚ್ಚು ಸಾಂಕ್ರಾಮಿಕವಲ್ಲ ಎಂದು ನಮ್ಮ ಪಠ್ಯಪುಸ್ತಕದಲ್ಲಿದೆ. ಬರೆದವರು ಆಪರೇಷನ್ ಥಿಯೇಟರಿನ ಕಾಫಿ ರೂಮಿನಲ್ಲಿ ಕೂತು ನೋಡಿಲ್ಲ.

ಒಂದು ಬುಧವಾರ ಮಧ್ಯಾಹ್ನ ಆಳೆತ್ತರದ ರಟ್ಟಿನ ಪೆಟ್ಟಿಗೆ ಬಂತು. ಮಗಳು ಹುಟ್ಟಿದಾಗ ಅವಳನ್ನು ಎತ್ತಿಕೊಳ್ಳಲು ಹೆದರಿ ನರ್ಸಿನ ಕೈಗೇ ವಾಪಸ್ಸು ಕೊಟ್ಟಿದ್ದ ಮಹಾನುಭಾವರು, ಈ ಪೆಟ್ಟಿಗೆಯಿಂದ ಆ ಕರಿಯ ಕಂದನನ್ನು ಎಷ್ಟು ನಾಜೂಕಾಗಿ ಹೊರತೆಗೆದರೆಂದರೆ ನನ್ನ ಹೊಟ್ಟೆ ಉರಿದುಹೋಯಿತು. "ಕಾರ್ಬನ್ ಕಣೇ, ಪೂರ್ತಿ ಕಾರ್ಬನ್," ಎಂದರು. ನನಗೆ ಗೊತ್ತಿದ್ದ ಕಾರ್ಬನ್ ಎಂದರೆ ನಂಜನಗೂಡಿನ ತಾಲ್ಲೂಕು ಕಚೇರಿಯಲ್ಲಿ ಎರಡು ಹಾಳೆಯ ನಡುವೆ ಇಟ್ಟು ಟೈಪು ಮಾಡುತ್ತಿದ್ದ ನೀಲಿ ಕಾಗದ. ಅದರಲ್ಲಿ ಸೈಕಲ್ಲು ಮಾಡುತ್ತಾರೆಂದು ಯಾರು ಕಂಡಿದ್ದರು?

ನಾನು ಸುತ್ತ ಒಂದು ಪ್ರದಕ್ಷಿಣೆ ಬಂದು ನೋಡಿದೆ. ಏನೋ ಕಡಿಮೆ ಅನ್ನಿಸಿತು. ಆಮೇಲೆ ಹೊಳೆಯಿತು.

"ಪೆಡಲ್ ಎಲ್ಲಿ ರೀ?"

"ಪೆಡಲ್ ಬರಲ್ಲ."

"ಬರಲ್ಲ ಅಂದ್ರೆ?"

"ಇಷ್ಟು ಒಳ್ಳೆ ಸೈಕಲ್‌ಗೆ ಪೆಡಲ್ ಕೊಡಲ್ಲ ಕಣೇ. ಅವರವರ ಕಾಲಿಗೆ ಬೇಕಾದ್ದು ಅವರವರೇ ಹಾಕ್ಕೋಬೇಕು."

ಇದನ್ನು ಇವರು ಹೆಮ್ಮೆಯಿಂದ ಹೇಳಿದರು. ತಳವಿಲ್ಲದ ಬಿಂದಿಗೆ ಮಾರಿ, ತಳ ನಿಮ್ಮ ನೀರಿಗೆ ತಕ್ಕಂತೆ ನೀವೇ ಹಾಕಿಸಿಕೊಳ್ಳಿ ಎಂದರೆ ನಾವು ಸುಮ್ಮನಿರುತ್ತೇವೆಯೇ? ಇವರು ಸುಮ್ಮನಿರುವುದಿರಲಿ, ಥ್ಯಾಂಕ್ಸ್ ಹೇಳಿ ತಂದಿದ್ದರು. ಸ್ಟ್ಯಾಂಡ್ ಎಲ್ಲಿ ಎಂದೆ. ತೂಕ ಜಾಸ್ತಿಯಾಗುತ್ತದಂತೆ. ಬೆಲ್ಲು? ತೂಕ. ಮಡ್‌ಗಾರ್ಡು? ಅದೂ ತೂಕ. ವರ್ಷದಲ್ಲಿ ಮುಕ್ಕಾಲು ಪಾಲು ಮಳೆ ಸುರಿಯುವ ದೇಶದಲ್ಲಿ ಮಡ್‌ಗಾರ್ಡಿಲ್ಲದ ಸೈಕಲ್ಲು. ತೂಕದ ಬಗ್ಗೆ ಅಷ್ಟೊಂದು ಕಾಳಜಿಯಿದ್ದರೆ ಸೊಂಟದ ಸುತ್ತ ಇಷ್ಟು ವರ್ಷದಿಂದ ಸಾಕಿಕೊಂಡು ಬಂದಿದ್ದನ್ನು ಮೊದಲು ಇಳಿಸಬಹುದಿತ್ತಲ್ಲ, ಬರ್ಫಿ ಬಿಟ್ಟಿದ್ದರೆ ಪುಕ್ಕಟೆಯಾಗಿ ಆಗುತ್ತಿತ್ತು ಎಂದೆ. ಅವರು ಅದನ್ನು ಕೇಳಿಸಿಕೊಳ್ಳಲಿಲ್ಲ. ಸೈಕಲ್ಲನ್ನು ನನ್ನ ಮುಂದಕ್ಕೆ ತಳ್ಳಿ, "ಎತ್ತಿ ನೋಡು," ಎಂದರು.

ನಾನು ಎತ್ತಲಿಲ್ಲ. ಸೈಕಲ್ಲು ಇರುವುದು ನಮ್ಮನ್ನು ಹೊರಲಿಕ್ಕೆ, ನಾವು ಅದನ್ನು ಹೊರಲಿಕ್ಕಲ್ಲ. ನಮ್ಮಪ್ಪ ಹೈಸ್ಕೂಲು ಮೇಷ್ಟ್ರು. ಅವರ ಸೈಕಲ್ಲನ್ನು ಯಾರೂ ಎತ್ತಿ ನೋಡಿದ್ದಿಲ್ಲ. ಎತ್ತುವುದಕ್ಕೆ ಇಬ್ಬರು ಬೇಕಾಗುತ್ತಿತ್ತು. ಮುಂದಿನ ಬಾರಿನ ಮೇಲೆ ನಾನು, ಹಿಂದೆ ಕ್ಯಾರಿಯರಿನಲ್ಲಿ ಅಮ್ಮ, ಅಮ್ಮನ ತೊಡೆಯ ಮೇಲೆ ತಮ್ಮ, ಹ್ಯಾಂಡಲ್ಲಿಗೆ ಎರಡು ಕಡೆ ತರಕಾರಿ ಚೀಲ. ಇಷ್ಟು ಹೊತ್ತೂ ಅದು ಒಂದು ದಿನ ಮುಲುಗಲಿಲ್ಲ. ಅದಕ್ಕೆ ಬ್ರೇಕು ಇತ್ತು, ಆದರೆ ಅಪ್ಪ ಬ್ರೇಕನ್ನು ನಂಬಿದವರಲ್ಲ, ಚಪ್ಪಲಿಯನ್ನು ನಂಬಿದವರು. ಎರಡೂ ಕಾಲು ನೆಲಕ್ಕೆ ಉಜ್ಜಿ ನಿಲ್ಲಿಸುತ್ತಿದ್ದರು. ಆಯುಧಪೂಜೆಯ ದಿನ ಅದನ್ನು ತೊಳೆದು, ಕೊಬ್ಬರಿ ಎಣ್ಣೆ ಅದ್ದಿದ ಬಟ್ಟೆಯಲ್ಲಿ ರಿಮ್ಮು ಫಳಫಳ ಅನ್ನುವ ಹಾಗೆ ಒರೆಸುವುದು ನನ್ನ ಕೆಲಸ. ಕಬ್ಬಿಣಕ್ಕೆ ವರ್ಷಕ್ಕೊಂದು ಸಲವಾದರೂ ಎಣ್ಣೆ ಕಾಣಿಸಬೇಕು ಎನ್ನುತ್ತಿದ್ದರು ಅಪ್ಪ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಪೆಡಲ್ಲಿಲ್ಲದ್ದನ್ನಾದರೂ ನಾನು ಕ್ಷಮಿಸುತ್ತಿದ್ದೆ. ಕ್ಷಮಿಸಲಾಗದ್ದು ಅದರ ವಾಸಸ್ಥಾನ. ನಮಗೊಂದು ಗ್ಯಾರೇಜಿದೆ. ಮೈಸೂರಿನಿಂದ ತಂದ ನನ್ನ ವೆಟ್ ಗ್ರೈಂಡರು ಇರುವುದು ಅಲ್ಲೇ, ಏಕೆಂದರೆ ಅದರ ಸದ್ದು ಇವರ ನಿದ್ದೆಗೆ ಆಗಿಬರುವುದಿಲ್ಲ. ಜನವರಿ ಚಳಿಯಲ್ಲಿ ಕೋಟು ಹಾಕಿಕೊಂಡು ಹೋಗಿ ದೋಸೆಗೆ ರುಬ್ಬಿಕೊಂಡು ಬರುವವಳು ನಾನು. ಸೈಕಲ್ಲೂ ಅಲ್ಲಿಗೇ ಹೋಗಲಿ ಎಂದರೆ, "ಅಲ್ಲಿ ತೇವ ಇದೆ, ಕಳ್ಳರ ಭಯ ಬೇರೆ," ಎಂದರು. ನನಗೆ ತೇವ ತಗಲುವುದಿಲ್ಲ, ನನ್ನನ್ನು ಕಳ್ಳರೂ ಮುಟ್ಟುವುದಿಲ್ಲ ಎಂದು ಅರ್ಥವಾಯಿತು. ಕೊನೆಗೆ ಅದು ಪ್ರತಿಷ್ಠಾಪನೆಗೊಂಡದ್ದು ಮುಂದಿನ ಕೋಣೆಯ ದೊಡ್ಡ ಕಿಟಕಿಯ ಬಳಿ, ಪ್ರತಿ ನವರಾತ್ರಿಗೆ ನಾನು ಗೊಂಬೆ ಕೂರಿಸುವ ಜಾಗದಲ್ಲಿ.

ಗೊಂಬೆ ಎಂದರೆ ಅರಮನೆಯ ವೈಭವವೇನಲ್ಲ. ಊರಿಗೆ ಹೋದಾಗಲೆಲ್ಲ ಒಂದೊಂದನ್ನೇ ಹಳೆ ಸೀರೆಯಲ್ಲಿ ಸುತ್ತಿ, ವಿಮಾನದಲ್ಲಿ ಮಡಿಲಲ್ಲಿಟ್ಟುಕೊಂಡು ತಂದದ್ದು. ಅಮ್ಮ ಕೊಟ್ಟ ಪಟ್ಟದ ರಾಜ ರಾಣಿಯರಿಗೆ ಆ ಕಿಟಕಿಯ ಬೆಳಕೇ ಚೆಂದ. ನವರಾತ್ರಿ ಹತ್ತಿರ ಬಂದಾಗ ನಾನು ಖಡಾಖಂಡಿತವಾಗಿ ಹೇಳಿದೆ, ಆ ಜಾಗದಲ್ಲಿ ಅದಿರಬೇಕು, ಇಲ್ಲವೇ ನಾನು ಮತ್ತು ನನ್ನ ಗೊಂಬೆಗಳು. ಅವರು ಯೋಚಿಸಲು ತೆಗೆದುಕೊಂಡ ಸಮಯ ನನಗೆ ಹಿಡಿಸಲಿಲ್ಲ. ಹದಿಮೂರು ವರ್ಷದ ಮಗಳು ಮೇಘನಾ ಮಧ್ಯಸ್ಥಿಕೆ ವಹಿಸಿ ಒಂದು ಒಪ್ಪಂದ ಮಾಡಿಸಿದಳು. ಗೊಂಬೆ ಈ ಸಲ ಟಿವಿ ಪಕ್ಕದಲ್ಲಿ ಕೂರುವುದು, ಆಯುಧಪೂಜೆಯಲ್ಲಿ ಸೈಕಲ್ಲಿಗೂ ಪೂಜೆ ಆಗುವುದು, ಆದರೆ ಅದೇ ಸಾಯಂಕಾಲ ಅದು ಗ್ಯಾರೇಜಿಗೆ ಹೋಗುವುದು, ಗ್ರೈಂಡರು ಅಡುಗೆಮನೆಗೆ ಬರುವುದು. "ಡ್ಯಾಡ್, ಪ್ರಾಮಿಸ್?" ಎಂದಳು. ಡ್ಯಾಡ್ ತಲೆಯಾಡಿಸಿದರು.

ಆ ಒಂಬತ್ತು ದಿನ ನನಗಾದ ಅವಮಾನ ಹೇಳತೀರದು. ಅರಿಶಿನ ಕುಂಕುಮಕ್ಕೆ ಬಂದವರೆಲ್ಲ ಬಾಗಿಲು ದಾಟಿದ ಕೂಡಲೇ ಕಾಣುತ್ತಿದ್ದುದು ಸೈಕಲ್ಲು. ಪಕ್ಕದಲ್ಲೇ ಇವರು ದೇವಸ್ಥಾನದ ಧರ್ಮದರ್ಶಿಯ ಹಾಗೆ ನಿಂತಿರುತ್ತಿದ್ದರು. "ಎತ್ತಿ ನೋಡಿ," ಎನ್ನುತ್ತಿದ್ದರು. ರೇಷ್ಮೆ ಸೀರೆ ಉಟ್ಟ ಹೆಂಗಸರು ಸೆರಗು ಸಿಕ್ಕಿಸಿ ಎತ್ತಿ ನೋಡುತ್ತಿದ್ದರು. ಅವರ ಗಂಡಂದಿರು ಒಂದು ಕೈಯಲ್ಲಿ ಎತ್ತುತ್ತಿದ್ದರು. ಗುಡ್ಡದಾಚೆಯ ಡಿಡ್ಸ್‌ಬರಿಯಿಂದ ಬರುವ, ಮೂಲ ಧಾರವಾಡದ ಗಿರಿಜಕ್ಕನ ಮೇಲೆ ನನಗೆ ಭರವಸೆಯಿತ್ತು. ನೇರ ಮಾತಿನ ಹೆಂಗಸು. ಬಂದವರೇ ನಡುವಿಗೆ ಕೈಯಿಟ್ಟು, "ಅಲ್ರೀ ಡಾಕ್ಟ್ರೇ, ಗಂಟಿ ಇಲ್ಲ, ಕ್ಯಾರಿಯರ್ ಇಲ್ಲ, ಇದೇನ್ ಸೈಕಲ್ಲರೀ?" ಎಂದರು. ನನಗೆ ಅವರನ್ನು ತಬ್ಬಿಕೊಳ್ಳುವಷ್ಟು ಸಂತೋಷವಾಯಿತು. ಇವರು ಒಂದೇ ಮಾತು ಹೇಳಿದರು, ಎತ್ತಿ ನೋಡಿ ಎಂದು. ಗಿರಿಜಕ್ಕ ಎತ್ತಿದರು. ಇಳಿಸಿದರು. ಇನ್ನೊಮ್ಮೆ ಎತ್ತಿದರು. "ಅಯ್ಯ, ಎಷ್ಟ ಹಗರ ಅದರೀ ಇದು," ಎಂದು ಗಂಡನನ್ನು ಕರೆದರು. ನನ್ನ ರಾಜ ರಾಣಿಯರು ಟಿವಿ ಪಕ್ಕದಿಂದ ಸುಮ್ಮನೆ ನೋಡುತ್ತಿದ್ದರು. ಗೊಂಬೆ ನೋಡಬಂದವರಿಗೆ ಕೊಡುವ ಚರ್ಪು ತರಲು ನಾನು ಒಳಗೆ ಹೋಗಿ ಉಸುಳಿಯ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟೆ.

ಕಾರಿಗಾದರೆ ನಾವು ದೂರದ ಟಿವಿಡೇಲ್ ಊರಿಗೆ ಹೋಗಿ ಅಲ್ಲಿನ ಬಾಲಾಜಿ ದೇವಸ್ಥಾನದಲ್ಲಿ ಪೂಜೆ ಮಾಡಿಸಿದ್ದೆವು. ಸೈಕಲ್ಲನ್ನು ಕಾರಿನ ತಲೆಯ ಮೇಲೆ ಕಟ್ಟಿ ಮೋಟರ್‌ವೇಯಲ್ಲಿ ಒಯ್ಯಲು ಇವರಿಗೆ ಮನಸ್ಸು ಬರಲಿಲ್ಲ, ಗಾಳಿ ಬಡಿಯುತ್ತದಂತೆ. ಹಾಗಾಗಿ ಮನೆಯಲ್ಲೇ ಪೂಜೆ. ಬೆಳಿಗ್ಗೆ ಇವರು ಸ್ನಾನಕ್ಕೆ ಹೋದಾಗ ನಾನು ಸಿದ್ಧತೆಗೆ ಕೂತೆ. ಈಳಿಗೆಮಣೆ, ಕತ್ತರಿ, ನನ್ನ ಸ್ಟೆಥಸ್ಕೋಪು, ಎಲ್ಲ ಒರೆಸಿ ಸಾಲಾಗಿ ಇಟ್ಟೆ. ಸೈಕಲ್ಲಿನ ಹತ್ತಿರ ಬಂದಾಗ ಒಂದು ಧರ್ಮಸಂಕಟ ಎದುರಾಯಿತು. ಆಯುಧಪೂಜೆ ಇರುವುದು ಕಬ್ಬಿಣಕ್ಕೆ. ಇದರಲ್ಲಿ ಕಬ್ಬಿಣವೆಲ್ಲಿದೆ? ಮೈಯೆಲ್ಲ ತಡಕಿದೆ. ಎಲ್ಲ ಆ ಕಾರ್ಬನ್ನೇ. ಕೊನೆಗೆ ಎರಡೂ ಚಕ್ರಗಳ ನಡುಮಧ್ಯದಲ್ಲಿ ಒಂದೊಂದರಂತೆ ತೂತು ತೂತಾದ, ಚಕ್ಕುಲಿ ಒರಳಿನ ಬಿಲ್ಲೆಯಂಥ ಎರಡು ತಟ್ಟೆಗಳು ಕಂಡವು. ಸ್ವಚ್ಛ ಲೋಹ. ಒಂದರ ಅಂಚಿನಲ್ಲಿ ಆಗಲೇ ಕಂದು ಬಣ್ಣದ ಚುಕ್ಕೆ. ಇಷ್ಟೆಲ್ಲ ಮುದ್ದು ಮಾಡುವವರಿಗೆ ಇದು ಕಾಣಿಸಿಲ್ಲವಲ್ಲ ಎಂದು ಬೈದುಕೊಂಡೆ. ಎಷ್ಟೇ ಸಿಟ್ಟಿದ್ದರೂ ಪೂಜೆಯ ವಿಷಯದಲ್ಲಿ ನಾನು ಕಳ್ಳಾಟ ಆಡುವವಳಲ್ಲ. ಅಪ್ಪನನ್ನು ನೆನೆದು, ಬಟ್ಟೆಗೆ ಕೊಬ್ಬರಿ ಎಣ್ಣೆ ಅದ್ದಿ, ಎರಡೂ ತಟ್ಟೆಗಳನ್ನು ಎರಡೂ ಬದಿಯಲ್ಲಿ ಮುಖ ಕಾಣುವ ಹಾಗೆ ಉಜ್ಜಿದೆ.

ಶೆಫೀಲ್ಡು ಗುಡ್ಡದ ಊರು. ನಮ್ಮ ಬೀದಿಯ ಮೇಲ್ತುದಿಯಲ್ಲಿ ಕಿತ್ತಳೆಹಣ್ಣು ಕೈಜಾರಿದರೆ ಅದು ಸಿಗುವುದು ಕೆಳಗಿನ ಟ್ರಾಮ್ ಸ್ಟಾಪಿನಲ್ಲೇ. ನಾವಿರುವುದು ಮೇಲ್ತುದಿಯಲ್ಲಿ. ಕುಂಕುಮ, ಹೂವು, ಮಂಗಳಾರತಿ ಎಲ್ಲ ಆಯಿತು. ಬೇರೆ ತರಿಸಿದ ಪೆಡಲ್ಲು ಹಾಕಿದ್ದ ಸೈಕಲ್ಲನ್ನು ಇವರು ಬೀದಿಗೆ ತಂದು ನಿಲ್ಲಿಸಿದರು, ಚಕ್ರಗಳ ಕೆಳಗೆ ನಾನು ಎರಡು ನಿಂಬೆಹಣ್ಣು ಇಟ್ಟೆ. ಇವರು ಪಂಚೆ ಉಟ್ಟು, ಹಣೆಗೆ ಕುಂಕುಮ ಇಟ್ಟುಕೊಂಡು, ಅದರ ಮೇಲೆ ಹೆಲ್ಮೆಟ್ಟು ಹಾಕಿಕೊಂಡು ಏರಿ ಕೂತರು. ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಲ್ಲುವುದು ಎಂದು ಮಾತಾಗಿತ್ತು. ನಿಂಬೆಹಣ್ಣು ಪಚಕ್ಕೆಂದಿತು. ನಾಲ್ಕು ಹೆಜ್ಜೆ ದಾಟಿತು. ಇವರ ಎರಡೂ ಕೈ ಬ್ರೇಕು ಹಿಡಿದದ್ದು ನನಗೆ ಕಾಣುತ್ತಿತ್ತು, ಆದರೆ ಸೈಕಲ್ಲು ಅದನ್ನು ಗಮನಕ್ಕೇ ತಂದುಕೊಳ್ಳಲಿಲ್ಲ. ಸೀಟು ಎತ್ತರ, ಕಾಲು ನೆಲಕ್ಕೆ ಎಟುಕದು. ಎಟುಕಿದ್ದರೂ ಅಪ್ಪನ ಚಪ್ಪಲಿ ಇರಲಿಲ್ಲ, ಪೂಜೆಯೆಂದು ಬರಿಗಾಲು. ಪಂಚೆ ಹಾರಿಸುತ್ತ ನಮ್ಮವರು ಬೀದಿಯಲ್ಲಿ ಇಳಿದೇ ಇಳಿದರು. ನಾನು ಕೂಗಿದೆ. ಏನು ಕೂಗಿದೆ ಎಂಬುದರ ಬಗ್ಗೆ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ.

ದೇವರು ದೊಡ್ಡವನು. ಐದು ಮನೆಯಾಚೆ ಡೊರೀನ್ ಎಂಬ ವೃದ್ಧೆಯ ಮನೆಯ ಮುಂದೆ ದಟ್ಟವಾದ ಗಿಡದ ಬೇಲಿಯಿದೆ. ಇವರು ಅದರೊಳಗೆ ಹ್ಯಾಂಡಲ್ಲು ತಿರುಗಿಸಿದರು. ನಾನೂ ಮೇಘನಾಳೂ ಓಡಿಹೋಗುವಷ್ಟರಲ್ಲಿ ಸೈಕಲ್ಲು ಹೊರಗೆ ಹುಲ್ಲಿನ ಮೇಲೆ ಬಿದ್ದಿತ್ತು, ಇವರು ಬೇಲಿಯೊಳಗಿದ್ದರು. ಎಲೆಗಳ ನಡುವಿನಿಂದ ಶಾಂತವಾದ ಪ್ರಶ್ನೆ ಬಂತು.

"ಸುಮಾ, ಆ ಡಿಸ್ಕಿಗೆ ಏನಾದ್ರೂ ಹಚ್ಚಿದ್ಯಾ?"

"ಯಾವ ಡಿಸ್ಕು? ಆ ತಟ್ಟೆಗಳಿಗಾ? ಕೊಬ್ಬರಿ ಎಣ್ಣೆ."

"ಬ್ರೇಕು ಹಿಡಿಯೋದೇ ಅದನ್ನ ಕಣೇ."

ಡೊರೀನ್ ಗಾಬರಿಯಿಂದ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದರು. ಯಾರಿಗೆ ಏನಾಯಿತು ಎಂದು ಕೇಳಿದರು. ಅಷ್ಟು ಹೊತ್ತಿಗೆ ನಾನು ಸೈಕಲ್ಲನ್ನು ಮೊದಲ ಬಾರಿಗೆ ಕೈಯಲ್ಲಿ ಹಿಡಿದು ಎತ್ತಿ, ಎಲ್ಲಾದರೂ ಬಿರುಕು ಬಿಟ್ಟಿದೆಯೇ ಎಂದು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಬಿರುಕಿರಲಿಲ್ಲ. ಒಂದೇ ಕೈಯಲ್ಲಿ ಎತ್ತಿದ್ದೆ ಎಂಬುದು ಆಗ ಗಮನಕ್ಕೆ ಬಂತು. ಏನು ಹೇಳಲಿ, ಹೂವಿನ ಹಾಗಿತ್ತು. ಏನಾಯಿತು ಎಂದು ಕೇಳಿದ ಆ ಮುದುಕಿಯ ಮುಂದೆ ಅದನ್ನು ಹಿಡಿದು, ಎತ್ತಿ ನೋಡಿ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಪಾಪ, ಎತ್ತಿ ನೋಡಿ, "ನೋ ವೆಯ್ಟ್ ಅಟ್ ಆಲ್, ಲವ್," ಎಂದರು. ಬೇಲಿಯೊಳಗಿನಿಂದ ಇವರು, "ಪುರಸೊತ್ತಾದಾಗ ನನ್ನನ್ನೂ ಒಂದ್ಸಲ ಎತ್ತಿ ನೋಡಿ," ಎಂದರು. ಇವರಿಗೆ ಮೊಣಕೈ ತರಚಿತ್ತು, ಅಷ್ಟೇ. ಮನೆಗೆ ಬಂದ ಮೇಲೆ ಮೇಘನಾ ಕೂಗಿದ ವಿಷಯ ತೆಗೆದಳು. ನಾನು 'ರೀ, ಹುಷಾರು' ಎಂದು ಕೂಗಿದೆ ಎಂದೆ. "ನೋ ಮಮ್, ಯು ಸೆಡ್ ಸೈಕಲ್ ಹುಷಾರು," ಎಂದಳು. ಅವಳ ಕನ್ನಡ ಅಷ್ಟಕ್ಕಷ್ಟೆ ಎಂದು ನಾನು ಆ ವಿಷಯ ಬೆಳೆಸಲಿಲ್ಲ.

ಸಾಯಂಕಾಲ ಮಳೆ ಹಿಡಿಯಿತು. ನಮ್ಮವರು ಏನೇ ಇರಲಿ, ಮಾತಿಗೆ ತಪ್ಪುವವರಲ್ಲ. ತರಚಿದ ಮೊಣಕೈಗೆ ಪಟ್ಟಿ ಅಂಟಿಸಿಕೊಂಡು, ಮುಖ ಸಣ್ಣದು ಮಾಡಿಕೊಂಡು, ಸೈಕಲ್ಲು ತಳ್ಳುತ್ತ ಗ್ಯಾರೇಜಿನ ಕಡೆ ಹೊರಟರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಾಗಿಲಿಗೆ ಅಡ್ಡ ನಿಂತು, "ಈ ತೇವದಲ್ಲಿ ಅದನ್ನ ಅಲ್ಲಿ ಇಡ್ತೀರಾ? ಬುದ್ಧಿ ಎಲ್ಲಿಟ್ಟಿದ್ದೀರಿ?" ಎಂದು ಕೇಳಿದೆ. ಗ್ರೈಂಡರು ಇನ್ನೂ ಗ್ಯಾರೇಜಿನಲ್ಲೇ ಇದೆ.