ಆಳು ಹುಡುಕುವ ಆಳು

ನನಗೆ ತೀರ್ಮಾನ ಮಾಡಲು ಬರುವುದಿಲ್ಲ. ಇದನ್ನು ನಾನು ಇಷ್ಟು ವರ್ಷ ಯಾರೆದುರೂ ಒಪ್ಪಿಕೊಂಡಿರಲಿಲ್ಲ. ಒಪ್ಪಿಕೊಳ್ಳಬೇಕೋ ಬೇಡವೋ ಎಂಬುದೇ ತೀರ್ಮಾನವಾಗಿರಲಿಲ್ಲ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಪ್ಪ ಕುರಿ ಕಾಯುತ್ತಿದ್ದರು, ಅಜ್ಜನೂ ಕುರಿ ಕಾಯುತ್ತಿದ್ದರು, ಅವರ ಹಿಂದಿನವರ ಬಗ್ಗೆ ಕೇಳಿದರೆ ಕುರಿಗಳ ಹೆಸರುಗಳೇ ಹೆಚ್ಚು ಸಿಗುತ್ತವೆ. ಇಂಥ ಮನೆಯಿಂದ ಬಂದು, ಹಾಸ್ಟೆಲಿನ ನೀರು ಸಾರು ಕುಡಿದು, ನಾನು ಬಿ.ಕಾಂ. ಮುಗಿಸಿದೆ. ಅಂದಿನಿಂದ ತೊಗರ್ಸಿ ಪಕ್ಕದ ನಮ್ಮ ಹಳ್ಳಿಯಲ್ಲಿ ಬೋರ್‌ವೆಲ್ ಎಲ್ಲಿ ಕೊರೆಸಬೇಕು, ಟಗರಿಗೆ ಯಾವ ಔಷಧಿ ಕುಡಿಸಬೇಕು, ಮಗಳನ್ನು ಯಾವ ಊರಿಗೆ ಕೊಡಬೇಕು ಎಂಬುದೆಲ್ಲ ನನ್ನ ಮುಂದೆ ಬರತೊಡಗಿತು. "ಓದಿದೋನು, ನೀನೇ ಹೇಳಪ್ಪ" ಎನ್ನುತ್ತಿದ್ದರು. ನಾನು ಗದ್ದ ಕೆರೆದುಕೊಂಡು "ಎರಡೂ ಕಡೆ ನೋಡ್ಬೇಕಾಗ್ತದೆ" ಎನ್ನುತ್ತಿದ್ದೆ. ಅವರು ತಲೆದೂಗಿ ಹೋಗುತ್ತಿದ್ದರು. ಹೋಗಿ ತಮಗೆ ತೋಚಿದ್ದನ್ನೇ ಮಾಡುತ್ತಿದ್ದರು. ಹಾಗಾಗಿ ನನ್ನ ಸಲಹೆ ಎಂದೂ ಸುಳ್ಳಾಗಲಿಲ್ಲ.

ಇದರಲ್ಲಿ ತಪ್ಪು ನನ್ನದಲ್ಲ, ಬಿ.ಕಾಂ.ನದು. ನಮ್ಮ ಪರೀಕ್ಷೆಯಲ್ಲಿ ಪ್ರಶ್ನೆ ಬರುತ್ತಿದ್ದುದೇ ಹಾಗೆ: ಇಂಥದ್ದರ ಅನುಕೂಲಗಳನ್ನೂ ಅನಾನುಕೂಲಗಳನ್ನೂ ವಿವರಿಸಿ. ಅನುಕೂಲ ಐದು, ಅನಾನುಕೂಲ ಐದು. ಆರನೆಯದು ಯಾವ ಕಡೆಯೂ ಇರುತ್ತಿರಲಿಲ್ಲ. ಎರಡನ್ನೂ ಬರೆದವನಿಗೆ ಪೂರ್ತಿ ಅಂಕ. ಹಾಗಾದರೆ ಕೊನೆಗೆ ಏನು ಮಾಡಬೇಕು ಎಂದು ಮೂರು ವರ್ಷದಲ್ಲಿ ಒಬ್ಬ ಮೇಷ್ಟ್ರೂ ಕೇಳಲಿಲ್ಲ. ನಾನು ಎರಡನೆಯ ದರ್ಜೆಯಲ್ಲಿ ಪಾಸಾದದ್ದು ಯಾವ ತೀರ್ಮಾನವನ್ನೂ ಮಾಡದೆ.

ಆಮೇಲೆ ಶಿಕಾರಿಪುರದಲ್ಲಿ ಸಾಹುಕಾರ್ ಚನ್ನಬಸಪ್ಪನವರ ಅಕ್ಕಿ ಗಿರಣಿಯಲ್ಲಿ ಮ್ಯಾನೇಜರ್ ಆದೆ. ಮ್ಯಾನೇಜರ್ ಎಂದರೆ ಮೇಜು, ಕುರ್ಚಿ, ಹಾಜರಿ ಪುಸ್ತಕ ಮತ್ತು ತೌಡಿನ ಧೂಳು. ಆಳುಗಳನ್ನು ನೇಮಿಸಿಕೊಳ್ಳುವುದೂ ನನ್ನದೇ ಕೆಲಸ ಎಂದು ನಾನು ತಿಳಿದಿದ್ದೆ. ಆದರೆ ನೇಮಕಕ್ಕೆ ಅಲ್ಲಿ ಬಹಳ ಹಿಂದಿನಿಂದ ಒಂದು ಪದ್ಧತಿ ಇತ್ತು. ಕೆಲಸ ಕೇಳಿ ಬಂದವನಿಗೆ ಹಾಕುತ್ತಿದ್ದುದು ಒಂದೇ ಪ್ರಶ್ನೆ: "ಯಾರ ಕಡೆಯೋನು?" ಅವನು ಗಿರಣಿಯಲ್ಲಿ ಈಗಾಗಲೇ ಇರುವ ಒಬ್ಬರ ಹೆಸರು ಹೇಳಬೇಕು. ಆ ಒಬ್ಬರು "ಹೌದು, ನಮ್ಮ ಕಡೆಯೋನು" ಎಂದರೆ ಸಂದರ್ಶನ ಮುಗಿಯಿತು. ಆದರೆ ಹಾಗೆಂದವರಿಗೆ ಒಂದು ಭಾರ ಬೀಳುತ್ತಿತ್ತು. ಆ ಆಳು ಬರದ ದಿನ ಬದಲಿಗೆ ಇನ್ನೊಬ್ಬರನ್ನು ಅವರೇ ಕಳಿಸಬೇಕು. ಯಾರೂ ಸಿಗದಿದ್ದರೆ ಆ ಕೆಲಸವನ್ನು ಸ್ವತಃ ಮಾಡಬೇಕು. ಹೀಗೆ ಹೆಚ್ಚು ಜನರ ಭಾರ ಹೊತ್ತಿದ್ದವರು ಗಂಗಮ್ಮ. ಅಕ್ಕಿ ಹಸನು ಮಾಡುವ ಹನ್ನೊಂದು ಹೆಂಗಸರ ಮುಂದಾಳು ಆಕೆ. ಮೊರ ಹಿಡಿದು ಕೂತರೆ ಕಲ್ಲನ್ನೂ ಮನುಷ್ಯರನ್ನೂ ಒಂದೇ ಏಟಿಗೆ ಬೇರೆ ಮಾಡುವ ಹೆಂಗಸು. ಹನ್ನೊಂದು ಹೆಂಗಸರೂ, ಚೀಲ ಹೊರುವ ಹಮಾಲರಲ್ಲಿ ಮುಕ್ಕಾಲು ಪಾಲೂ ಆಕೆಯ ಕಡೆಯವರು.

ತೊಂದರೆ ಬಂದದ್ದು ಅಲ್ಲೇ. ಆ ವರ್ಷ ಗಂಗಮ್ಮನ ಬೀಗರ ಮನೆಯಲ್ಲಿ ಒಂದು ಮದುವೆ ಬಂತು. ಒಬ್ಬರ ಕಡೆಯವರೆಲ್ಲ ಒಂದೇ ಮದುವೆಗೆ ಹೋಗುತ್ತಾರೆ ಎಂಬುದು ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಸತ್ಯ. ಬದಲಿ ಕಳಿಸಬೇಕಾದವರೂ ಮದುವೆಯಲ್ಲಿ, ಬದಲಿಗೆ ಬರಬೇಕಾದವರೂ ಮದುವೆಯಲ್ಲಿ. ಮೂರು ದಿನ ಗಿರಣಿ ನಿಂತಿತು. ಗೇಟಿನ ಹೊರಗೆ ಭತ್ತ ತುಂಬಿದ ಟ್ರ್ಯಾಕ್ಟರುಗಳು ಸಾಲಾಗಿ ನಿಂತು, ಅವುಗಳ ಮೇಲೆ ಕೂತ ರೈತರು ನನ್ನನ್ನು ನೋಡಿದಾಗಲೆಲ್ಲ ಬೀಡಿ ಹಚ್ಚುತ್ತಿದ್ದರು. ಸಾಹುಕಾರರಿಗೆ ತಲೆ ಕೆಟ್ಟಿತು. ಆ ಸುಗ್ಗಿಗೇ ಸೊರಬದಲ್ಲಿ ಇನ್ನೊಂದು ಗಿರಣಿ ತೆರೆಯುವ ಸಿದ್ಧತೆಯಲ್ಲಿ ಬೇರೆ ಇದ್ದರು ಅವರು.

ಸರಿಯಾಗಿ ಆ ವಾರವೇ ದಾವಣಗೆರೆಯಿಂದ ಪ್ರಸನ್ನ ಎಂಬಾತ ಬಂದ. ಟೈ ಕಟ್ಟಿದ್ದ. ಸೊಂಟಕ್ಕೆ ಪೇಜರ್ ಸಿಕ್ಕಿಸಿಕೊಂಡಿದ್ದ. ಅದು ನಮ್ಮೂರಲ್ಲಿ ಕೆಲಸ ಮಾಡುತ್ತಿರಲಿಲ್ಲ. ಆದರೂ ಐದು ನಿಮಿಷಕ್ಕೊಮ್ಮೆ ಅದನ್ನು ನೋಡಿ, ಎಲ್ಲ ಸರಿಯಾಗಿದೆ ಎಂಬಂತೆ ಮುಖ ಮಾಡುತ್ತಿದ್ದ. ಆಳು ಒದಗಿಸುವ ಏಜೆನ್ಸಿ ಅವನದು. "ಆಳು ಹುಡ್ಕೋದು, ಆರ್ಸೋದು, ಕಳ್ಸೋದು, ಬಿಟ್ಟೋದ್ರೆ ಬೇರೆಯೋರನ್ನ ಕೊಡೋದು, ಎಲ್ಲಾ ನಮ್ದು ಸರ್. ನೀವು ಗಿರಣಿ ನಡ್ಸೋದ್ರ ಕಡೆ ಗಮನ ಕೊಡಿ" ಎಂದ. ಒಂದೇ ಒಂದು ನಿಯಮವಿತ್ತು. ಎಲ್ಲರಿಗೂ ಮೂವತ್ತೈದರ ಒಳಗೆ ವಯಸ್ಸು, ಏಳನೇ ಕ್ಲಾಸಿನ ಸರ್ಟಿಫಿಕೇಟು ಇರಬೇಕು.

ಸಾಹುಕಾರರು ನನ್ನ ಕಡೆ ತಿರುಗಿದರು. "ಏನ್ರಿ ಮ್ಯಾನೇಜರ್, ನಂಗಂತೂ ಇವೆಲ್ಲ ತಿಳಿಯಾಂಗಿಲ್ಲ. ನೀವು ಓದಿದೋರು. ಸೊರಬದಾಗೆ ಹದಿನೈದು ದಿನ ನೋಡ್ರಿ. ಸರಿ ಅನ್ನಿಸಿದ್ರೆ ಅಲ್ಲಿದ್ದೂ ಇಲ್ಲಿದ್ದೂ ಎರಡೂ ಇವ್ರಿಗೇ ಕೊಟ್ಟುಬಿಡಾಣ. ನೀವು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ."

ಇಲ್ಲಿದ್ದೂ ಎಂದರೆ ಗಂಗಮ್ಮ ಮತ್ತು ಹನ್ನೊಂದು ಹೆಂಗಸರು. ಅವರಲ್ಲಿ ಮೂವತ್ತೈದರ ಒಳಗಿನವರು ಇಬ್ಬರು. ಏಳನೇ ಕ್ಲಾಸು ಕಂಡವರು ಯಾರೂ ಇಲ್ಲ. ನಾನು ಹೂಂ ಅಂದರೆ ಅವರು ಮೊರ ಕೆಳಗಿಟ್ಟು ಮನೆಗೆ ಹೋಗಬೇಕು. ಊಹೂಂ ಅಂದರೆ ಮುಂದಿನ ಮದುವೆಗೆ ಎರಡೆರಡು ಗಿರಣಿ ನಿಲ್ಲುತ್ತವೆ. ಮನೆಗೆ ಬಂದು ಕಾಗದದ ನಡುವೆ ಗೆರೆ ಎಳೆದೆ. ಅನುಕೂಲ ಐದು ಬಂತು. ಅನಾನುಕೂಲವೂ ಐದೇ. ಇಷ್ಟು ಅಚ್ಚುಕಟ್ಟಾದ ಉತ್ತರಕ್ಕೆ ಅಂಕ ಕೊಡುವವರು ಮಾತ್ರ ಯಾರೂ ಇರಲಿಲ್ಲ.

ನನ್ನ ಹೆಂಡತಿ ಸುಜಾತ ಸೊರಬದ ಕಡೆಯವಳು, ಊರು ಕುಪ್ಪಗಡ್ಡೆ. ಕಾಗದವನ್ನು ಓದಿ ಕೇಳಿದಳು: "ಅಲ್ಲ ಮಾರಾಯ್ರೆ, ಇದ್ರಲ್ಲಿ ಇಷ್ಟು ತಲೆ ಕೆಡ್ಸ್ಕೊಳ್ಳೋದು ಎಂತದು? ನಿಮ್ಗೆ ಹೆಣ್ಣು ಹುಡ್ಕಿದ್ದು ನೀವಾ? ನಡುವಿನವ್ರು ತಾನೆ? ಈಗ ನಿಮ್ಗೆ ಏನು ಕಡ್ಮೆಯಾಗಿದೆ, ಹೇಳಿ ಕಾಂಬ."

ನಾನು ಅಭ್ಯಾಸಬಲದಿಂದ ಎರಡೂ ಕಡೆ ಯೋಚಿಸಲು ಶುರು ಮಾಡಿದೆ. ಅಲ್ಲೇ ತಪ್ಪಾಯಿತು. ಕೆಲವು ಪ್ರಶ್ನೆಗಳಿಗೆ ಅನುಕೂಲವನ್ನು ಮಾತ್ರ, ಅದೂ ತಕ್ಷಣ, ಹೇಳಬೇಕೆಂದು ನನಗೆ ಗೊತ್ತಾಗುವ ಹೊತ್ತಿಗೆ ಅವಳು ಕಾಫಿ ಲೋಟವನ್ನು ಎತ್ತಿಕೊಂಡು ಒಳಗೆ ಹೋಗಿಯಾಗಿತ್ತು. ಲೋಟದಲ್ಲಿ ಅರ್ಧ ಕಾಫಿ ಇತ್ತು.

ಹೊಸ ಗಿರಣಿ ಶುರುವಾಗುವ ಹಿಂದಿನ ದಿನ ಶಿರಾಳಕೊಪ್ಪದ ಮೇಲೆ ಬಸ್ಸು ಹಿಡಿದು ಸೊರಬಕ್ಕೆ ಹೋದೆ. ಏಜೆನ್ಸಿಯ ಎಂಟು ಜನ ಟ್ರಂಕುಗಳ ಸಮೇತ ಬಂದಿದ್ದರು. ಒಳ್ಳೆಯ ಹುಡುಗರು, ನಮಸ್ಕಾರ ಹೇಳಿದರು, ಫೈಲಿನಲ್ಲಿ ಸರ್ಟಿಫಿಕೇಟು ಇತ್ತು. ನನ್ನ ಮನಸ್ಸು ಹೂಂ ಕಡೆ ವಾಲಿತು. ಅವರಿಗೆ ಬಾಡಿಗೆಗೆ ಎರಡು ಕೋಣೆ ನೋಡೋಣವೆಂದು ಗಿರಣಿಯ ಹಿಂದಿನ ಓಣಿಗೆ ಕರೆದುಕೊಂಡು ಹೋದೆ. ಜಗಲಿಯ ಮೇಲೆ ಕೂತಿದ್ದ ಮನೆಯ ಯಜಮಾನರು ಎಂಟೂ ಜನರನ್ನು ಮೇಲಿಂದ ಕೆಳಗೆ ನೋಡಿದರು.

"ಯಾರ ಕಡೆಯವ್ರು ಇವ್ರು?"

"ಏಜೆನ್ಸಿ ಕಡೆಯೋರು" ಎಂದ ಒಬ್ಬ ಹುಡುಗ ಹೆಮ್ಮೆಯಿಂದ.

"ಹಾಂಗಂದ್ರೆ ಯಾರೂ ಇಲ್ಲ ಅಂತ ಆಯ್ತಲ್ಲ" ಎಂದರು ಯಜಮಾನರು. ಪಕ್ಕದ ಮನೆಯಲ್ಲೂ ಅದೇ ಪ್ರಶ್ನೆ. ಊಟದ ಹೋಟೆಲಿನಲ್ಲೂ ಅದೇ. ಕಿರಾಣಿ ಅಂಗಡಿಯಾತ ಬೆಂಕಿಪೊಟ್ಟಣ ಕೊಡುವ ಮೊದಲು ಅದನ್ನೇ ಕೇಳಿದ. ಹೊತ್ತು ಇಳಿಯುತ್ತಿತ್ತು, ಹುಡುಗರು ಟ್ರಂಕಿನ ಮೇಲೆ ಕೂತುಬಿಟ್ಟಿದ್ದರು. ಆಗ ನನ್ನ ಬಾಯಿಂದ ಆ ಮಾತು ಬಂತು.

"ನಮ್ಮ ಕಡೆಯೋರೇ. ಕೊಡ್ರಿ."

ಎರಡೂ ಕಡೆ ನೋಡದೆ ನಾನು ಆಡಿದ ಮೊದಲ ಮಾತು ಅದು. ಕೂಡಲೇ ಕೋಣೆ ಸಿಕ್ಕಿತು, ಊಟ ಸಿಕ್ಕಿತು, ಒಬ್ಬರು ಚಾಪೆಯನ್ನೂ ಕೊಟ್ಟರು. ನನಗೆ ನನ್ನ ಮೇಲೆಯೇ ಗೌರವ ಬಂತು.

ನಾಲ್ಕನೆಯ ದಿನ ಎಂಟರಲ್ಲಿ ಮೂವರು ಮನೆಯ ನೆನಪಾಗಿ ಹೊರಟುಹೋದರು. ನಾನು ಎಸ್‌ಟಿಡಿ ಬೂತಿನಿಂದ ಪ್ರಸನ್ನನಿಗೆ ಫೋನು ಮಾಡಿದೆ. ಬದಲಿ ಜನ "ಪ್ರೊಸೆಸ್‌ನಲ್ಲಿದ್ದಾರೆ ಸರ್" ಎಂದ. ಅದು ಯಾವ ಜಾಗವೋ ತಿಳಿಯಲಿಲ್ಲ; ಹತ್ತಿರದ್ದಂತೂ ಅಲ್ಲ. ಗಿರಣಿಯ ಮುಂದೆ ಪಕ್ಕದ ಹೊಸಬಾಳೆಯಿಂದ ಬಂದ ಭತ್ತದ ಗಾಡಿಗಳು ನಿಂತಿದ್ದವು. ಚೀಲ ಇಳಿಸಲು ಜನ ಸಾಲದು. ಹಿರಿಯ ರೈತರೊಬ್ಬರು ನನ್ನ ಬಳಿ ಬಂದರು.

"ಆ ಹುಡುಗ್ರು ನಿಮ್ಮ ಕಡೆಯವ್ರು ಅಂತ ಓಣಿಯಲ್ಲಿ ಹೇಳಿದ್ರಂತಲ್ಲ, ಹೌದನಾ?"

"ಹೌದು, ಆದ್ರೆ..."

"ಮತ್ತೆ? ಅಂಗಿ ತೆಗೀರಿ."

ಪದ್ಧತಿ ಎಂದರೆ ಪದ್ಧತಿ. ಶಿಕಾರಿಪುರದ ಆಳಿಗೆ ಇದ್ದ ಕಟ್ಟಳೆ ಸೊರಬದಲ್ಲಿ ಮ್ಯಾನೇಜರಿಗೂ ಉಂಟು. ನಾನು ಅಂಗಿ ಕಳಚಿ ಮೊಳೆಗೆ ನೇತುಹಾಕಿ ಚೀಲಕ್ಕೆ ಬೆನ್ನು ಕೊಟ್ಟೆ. ಇದು ಬೇಕಿತ್ತೇ ಎಂದು ಮೊದಲ ಚೀಲಕ್ಕೆ ಬೆನ್ನು ಕೇಳಿತು, ಎರಡನೆಯದಕ್ಕೆ ಸೊಂಟ ಕೇಳಿತು, ಮೂರನೆಯದಕ್ಕೆ ಬಿ.ಕಾಂ. ಕೇಳಿತು. "ಇವ್ರು ಡಿಗ್ರಿ ಮಾಡಿದವ್ರಂತೆ" ಎಂದು ಯಾರೋ ಹೇಳಿದರು. "ಅದ್ಕೇ ಹೀಂಗೆ ಹೊರ್ತಾರೆ, ಪಾಪ" ಎಂದರು ಇನ್ನೊಬ್ಬರು.

ಹದಿನೈದು ದಿನ ಮುಗಿದರೂ ಬದಲಿ ಜನ ಬರಲಿಲ್ಲ. ಶಿಕಾರಿಪುರಕ್ಕೆ ಹಿಂದಿರುಗಿದಾಗ ನಾನು ಹಗ್ಗದ ಮಂಚದಂತೆ ಬಾಗಿದ್ದೆ. ಗಂಗಮ್ಮ ಗೇಟಿನಲ್ಲೇ ಸಿಕ್ಕರು. ಆಕೆಗೆ ಎಲ್ಲವೂ ಗೊತ್ತಿತ್ತು. ಸರ್ಟಿಫಿಕೇಟಿನ ವಿಷಯವೂ ಗೊತ್ತಿತ್ತು.

"ಮ್ಯಾನೇಜರ್ರೆ, ನಮ್ಮ ಹೆಣ್ಮಕ್ಳು ನಿದ್ದೆ ಮಾಡಿಲ್ಲ. ಹೂಂ ಅಂದ್ರೋ, ಊಹೂಂ ಅಂದ್ರೋ?"

"ಎರಡೂ ಕಡೆ ನೋಡ್ಬೇಕು ಗಂಗಮ್ಮ" ಎಂದೆ. ಹೇಳಿ ನಾಚಿಕೆಯಾಯಿತು. ಅದಕ್ಕೇ ಮೊದಲ ಬಾರಿಗೆ ನಿಜ ಹೇಳಿದೆ: "ಅವ್ರನ್ನ ಕರೆಸಿದ್ರೆ ಹಿಂಗಾಗ್ತದೆ. ನಿಮ್ಮನ್ನೇ ಇಟ್ಕೊಂಡ್ರೆ ಮದ್ವೆ ಬಂದಾಗ ಗಿರಣಿ ನಿಲ್ತದೆ. ನಂಗೆ ತಿಳೀತಿಲ್ಲ."

ಆಕೆ ಸೆರಗಿನಿಂದ ಮುಖದ ತೌಡು ಒರೆಸಿಕೊಂಡರು. "ಇಷ್ಟೇ ಏನು? ಮೊದ್ಲೇ ಕೇಳಬಾರ್ದಾಗಿತ್ತಾ? ನೀವು ಆಳು ಬೇಕು ಅಂದ್ರಿ, ಕೊಟ್ಟೆ. ಮದ್ವೆ ದಿನಾನೂ ಬೇಕು ಅಂತ ಯಾವತ್ತು ಹೇಳಿದ್ರಿ? ಸೊರಬಕ್ಕೆ ಹೊಸಬಾಳೆ ಕಡೆಯೋರನ್ನ ಹಾಕಾಣ. ನನ್ ತಂಗೀನ ಆ ಊರಿಗೆ ಕೊಟ್ಟೈತೆ, ಅವಳು ಜವಾಬ್ದಾರಿ ಹೊರ್ತಾಳೆ. ಅವಳೊಬ್ಬಳನ್ನ ಬಿಟ್ರೆ ಆ ಊರೋರಿಗೂ ನಮ್ಮೋರಿಗೂ ಹೆಣ್ಣು ಕೊಟ್ಟು ತರೋ ಸಂಬಂಧ ಇಲ್ಲ. ಇಲ್ಲಿ ಮದ್ವೆ ಆದ್ರೆ ಅಲ್ಲಿಂದ ನಾಕು ಜನ ಬರ್ತಾರೆ, ಅಲ್ಲಿ ಆದ್ರೆ ಇಲ್ಲಿಂದ ಹೋಗ್ತಾರೆ."

ಮೂರು ವರ್ಷದ ಕಾಲೇಜು, ಹದಿನೈದು ದಿನದ ಪರೀಕ್ಷೆ, ಐದು ಅನುಕೂಲ, ಐದು ಅನಾನುಕೂಲ. ಇದು ಮಾತ್ರ ಯಾವ ಕಡೆಯೂ ಇರಲಿಲ್ಲ.

ನಾನು ಅದನ್ನು ಎರಡು ಪುಟದ ವರದಿಯಾಗಿ ಬರೆದು, ಗಂಗಮ್ಮನನ್ನೂ ಕರೆದುಕೊಂಡು, ಸಾಹುಕಾರರ ಮುಂದಿಟ್ಟೆ. ಆಳು ಹುಡುಕುವ ಕೆಲಸವನ್ನು ಗಂಗಮ್ಮನಿಗೇ ಒಪ್ಪಿಸಬೇಕು ಎಂಬುದು ಅದರ ಸಾರ. ಅವರು ಕನ್ನಡಕ ಏರಿಸಿ ಓದಿದರು.

"ಅಂದ್ರೆ ಈಗ ಹೆಂಗ ಐತೋ ಹಂಗೇ ಅಲ್ಲೇನ್ರಿ?"

"ಹೌದು. ಆದ್ರೆ ಈಗ ತೀರ್ಮಾನ ಮಾಡಿ ಹಂಗೇ ಇಟ್ಟಿದ್ದೀವಿ" ಎಂದೆ.

ಅವರಿಗೆ ಅದು ಒಪ್ಪಿಗೆಯಾಯಿತು. ಹೊರಗೆ ಹನ್ನೊಂದು ಮೊರಗಳ ಸದ್ದು ಒಂದು ಕ್ಷಣ ನಿಂತು, ಮತ್ತೆ ಜೋರಾಗಿ ಶುರುವಾಯಿತು. "ಆಯ್ತು. ಸೊರಬಕ್ಕೆ ಮ್ಯಾನೇಜರ್ ಯಾರು ಹಂಗಾರೆ?" ಎಂದರು ಸಾಹುಕಾರರು. ನಾನು ಬಾಗಿದ ಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿದೆ. ಅವರು ನೋಡಿದ್ದು ಗಂಗಮ್ಮನನ್ನು.

"ಬ್ಯಾರೆ ಯಾರ್ನಾರ ನೋಡಾಣ ಸಾವ್ಕಾರ್ರೆ. ಈ ಮ್ಯಾನೇಜರ್ರ ಜವಾಬ್ದಾರಿ ನಂದಲ್ವಾ? ಕಣ್ಣೆದುರಿಗೆ ಇರ್ಲಿ."

ನನ್ನ ಮುಖ ನೋಡಿ ಸಾಹುಕಾರರಿಗೆ ಆಶ್ಚರ್ಯವಾಯಿತು. "ಯಾಕ್ರಿ, ಗೊತ್ತಿಲ್ಲೇನು? ಕೆಲಸ ಕೇಳಿ ಬಂದ ದಿನ ನೀವು ಕೊಟ್ಟ ಸರ್ಟಿಫಿಕೇಟು ಇಂಗ್ಲೀಷಿನಾಗಿತ್ತು. ನಂಗೇನು ತಿಳೀತದೆ? ಗಂಗಮ್ಮನ್ನ ಕೇಳಿದೆ. ತೊಗರ್ಸಿ ಮಗ್ಗುಲು, ಕುರಿ ಕಾಯೋರ ಮಗ, ಕಳ್ಳತನ ಬರಂಗಿಲ್ಲ, ನಮ್ಮ ಕಡೆಯೋನೇ ಅಂದ್ಲು. ಇಟ್ಕೊಂಡೆ."

ಅಂದಿನಿಂದ ನನ್ನ ಡಿಗ್ರಿಗೆ ಏನೂ ಆಗಿಲ್ಲ; ಕಟ್ಟು ಹಾಕಿಸಿದ್ದು ಗೋಡೆಯ ಮೇಲೆ ಹಾಗೆಯೇ ಇದೆ. ಬೆನ್ನುನೋವಿಗೆ ಮೂರು ದಿನ ರಜೆ ಹಾಕಿದಾಗ ಗಂಗಮ್ಮ ಪದ್ಧತಿ ತಪ್ಪಿಸದೆ ನನ್ನ ಬದಲಿಗೆ ತಮ್ಮ ಸೋದರತ್ತೆಯನ್ನು ಕಳಿಸಿದರು. ಆಕೆಗೆ ಓದು ಬರಹ ಬಾರದು. ನನ್ನ ಕುರ್ಚಿಯಲ್ಲಿ ಕೂತು, ಬಂದವರ ಮುಖ ನೋಡಿ, ಬಾರದವರ ಮನೆಗೆ ಹೇಳಿ ಕಳಿಸಿ, ಮೂರು ದಿನ ಗಿರಣಿ ನಡೆಸಿದರಂತೆ. ನಾಲ್ಕನೆಯ ದಿನ ನಾನು ಹೋದಾಗ ಸಾಹುಕಾರರು ಬಾಗಿಲಲ್ಲೇ ನಿಲ್ಲಿಸಿ ಬಹಳ ಮಮತೆಯಿಂದ, "ಇಷ್ಟು ಅವಸರ ಏನಿತ್ರಿ? ಇನ್ನೊಂದು ವಾರ ಸುಧಾರಿಸ್ಕೊಂಡು ಬರಬಹುದಾಗಿತ್ತಲ್ಲ" ಎಂದರು. ಅದು ಕಾಳಜಿಯೋ ಇನ್ನೇನೋ ಎಂದು ಕಾಗದದ ನಡುವೆ ಗೆರೆ ಎಳೆದು ಕೂತಿದ್ದೇನೆ. ಈವರೆಗೆ ಆ ಕಡೆ ಐದು, ಈ ಕಡೆ ಐದು.