ಬೆನ್ನ ಮೇಲಿನ ಲಾಂಛನ

ನನ್ನ ಹೆಂಡತಿಗೆ ಇಸ್ತ್ರಿಪೆಟ್ಟಿಗೆಯ ಮೇಲಿರುವಷ್ಟು ನಂಬಿಕೆ ನನ್ನ ಮೇಲಿಲ್ಲ. ಪೆಟ್ಟಿಗೆಯಾದರೂ ಹೇಳಿದ ಹೊತ್ತಿಗೆ ಬಿಸಿಯಾಗುತ್ತದೆ ಎನ್ನುತ್ತಾಳೆ. ಹನ್ನೊಂದು ವರ್ಷ ಬೇರೆಯವರ ಲಾಂಡ್ರಿಯಲ್ಲಿ ನಿಂತು ಕಾಲು ಸೋತ ಮೇಲೆ, ಹೋದ ತಿಂಗಳು ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ತನ್ನದೊಂದು ಇಸ್ತ್ರಿ ಅಂಗಡಿ ತೆರೆದಳು. ಮೊದಲ ವಾರವೇ ಎಂಟು ಮನೆಯವರು ಬಟ್ಟೆ ಕೊಟ್ಟರು. “ಜನ ನಂಬಿ ಕೊಟ್ಟಿದ್ದಾರೆ ರೀ. ಒಂದು ಬಟ್ಟೆ ಕೆಟ್ಟರೂ ಅಂಗಡಿ ಮುಚ್ಚಿದ ಹಾಗೇ” ಎಂದು ದಿನಕ್ಕೆ ಹತ್ತು ಸಲ ಹೇಳಿ, ನನ್ನನ್ನು ಆ ಮೇಜಿನಿಂದ ನಾಲ್ಕು ಮಾರು ದೂರವೇ ಇಟ್ಟಿದ್ದಳು.

ನನಗೂ ಮಾನ ಎಂಬುದಿದೆ. ಈ ಮಹೋದ್ಯಮಕ್ಕೆ ನನ್ನದೂ ಒಂದು ಕಾಣಿಕೆ ಬೇಡವೇ? ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಜ್ಞಾನೋದಯವಾಯಿತು: ಲೋಗೊ! ಚಿತ್ರ ಬರೆಯುವುದು ನನಗೆ ಹೊಸದಲ್ಲ. ಶಾಲೆಯಲ್ಲಿ ಎರಡನೆಯ ಬಹುಮಾನ ಪಡೆದವನು ನಾನು. (ಸ್ಪರ್ಧೆಯಲ್ಲಿದ್ದವರೇ ಇಬ್ಬರು ಎಂಬುದನ್ನು ನನ್ನ ಅತ್ತೆ ನೆಂಟರೆದುರು ಹೇಳುವ ಅಗತ್ಯವಿರಲಿಲ್ಲ.)

ಮೊದಲು ಉದಯಿಸುವ ಸೂರ್ಯ, ಸೋಪಿನ ಗುಳ್ಳೆಗಳು, ಎರಡು ಹಂಸ, ಒಂದು ಕೋಟು, ಎಲ್ಲವನ್ನೂ ಬರೆದೆ. ಅತ್ತೆ ಕನ್ನಡಕ ಏರಿಸಿಕೊಂಡು ನೋಡಿದರು.

“ಮೊಟ್ಟೆ ಅಂಗಡೀನಾ ಅಳಿಯಂದಿರೇ?”

ಫೋನಿನಲ್ಲಿ ಒಬ್ಬ ಪಂಡಿತನ ಉಪನ್ಯಾಸ ಕೇಳಿದೆ. ಲೋಗೊ ಸರಳವಾಗಿರಬೇಕು, ಒಂದೇ ಬಣ್ಣ ಸಾಕು, ಕಂಡ ಕೂಡಲೇ ಕಸುಬು ತಿಳಿಯಬೇಕು ಎಂದ. ಸರಿ, ಸೂರ್ಯನನ್ನು ಮುಳುಗಿಸಿದೆ, ಹಂಸಗಳನ್ನು ಹಾರಿಸಿದೆ. ಕೊನೆಗೆ ಉಳಿದದ್ದು ಇಸ್ತ್ರಿಪೆಟ್ಟಿಗೆಯ ತಳದ ಆಕಾರ ಮಾತ್ರ: ಮುಂದೆ ಚೂಪು, ಹಿಂದೆ ಚಪ್ಪಟೆ. ಶಾಖದ ಭಾವ ಬರಲೆಂದು ಕಂದು ಬಣ್ಣ ಬಳಿದೆ. ಅಂಚಿನಲ್ಲಿ ತುಸು ಗಾಢ ಮಾಡಿದೆ, ಗಾಂಭೀರ್ಯಕ್ಕೆ. ಅದನ್ನು ನನ್ನ ಬಿಳಿ ಅಂಗಿಯ ಬೆನ್ನ ಮೇಲೆ ಪೆಟ್ಟಿಗೆಯಷ್ಟೇ ದೊಡ್ಡದಾಗಿ ಬರೆದು, ಒಣಗಿಸಿ, ತೊಟ್ಟುಕೊಂಡು, ಹೆಂಡತಿಗೆ ತಿಳಿಯದಂತೆ ಹಿತ್ತಿಲ ಬಾಗಿಲಿನಿಂದ ಪೇಟೆಗೆ ಹೊರಟೆ. ನಡೆದಾಡುವ ಜಾಹೀರಾತು!

ಜನ ತಿರುತಿರುಗಿ ನೋಡಿದರು. ನಾನು ಉಬ್ಬಿಹೋದೆ. ಕ್ಷೌರದಂಗಡಿಯವನಂತೂ ಗಿರಾಕಿಯ ಅರ್ಧ ಗಡ್ಡ ಬಿಟ್ಟು ಹೊರಗೆ ಬಂದ.

“ಅಯ್ಯೋ ಸಾರ್, ಬೆನ್ನ ಮೇಲೇನಿದು? ಎಲ್ಲಿ ಆಯ್ತು?”

“ಇನ್ನೆಲ್ಲಿ? ನಮ್ಮನೆಯವಳ ಅಂಗಡೀಲೇ!” ಎಂದೆ ಎದೆಯುಬ್ಬಿಸಿ. “ಇನ್ಮೇಲೆ ನಿಮ್ಮ ಬಟ್ಟೆಗೂ ಇದೇ ಗುರುತು ಬರುತ್ತೆ, ನೋಡ್ತಿರಿ!”

ಅವನು ಕತ್ತರಿ ಹಿಡಿದುಕೊಂಡೇ ಓಡಿದ. ಅಷ್ಟು ಆಸಕ್ತಿ ಹುಟ್ಟಿಸುವ ಲೋಗೊ ಎಂದುಕೊಂಡು ನಾನು ಇನ್ನೂ ಎರಡು ಬೀದಿ ಸುತ್ತಿದೆ.

ಮನೆಗೆ ಬಂದಾಗ ಅಂಗಡಿಯಲ್ಲಿ ಸಾಲು ನಿಂತಿತ್ತು. ಬಟ್ಟೆ ಕೊಡುವವರದ್ದಲ್ಲ, ವಾಪಸು ಕೇಳುವವರದ್ದು. ಎಲ್ಲರ ಮುಂದೆ ನಮ್ಮ ಬೀದಿಯ ವಕೀಲರು.

“ನನ್ನ ಕೋಟು ಹಾಗೇ ಕೊಟ್ಟುಬಿಡಮ್ಮ. ಸುಕ್ಕಾಗಿದ್ರೂ ಪರವಾಗಿಲ್ಲ.”

“ಯಾಕೆ ಸಾರ್? ನನ್ನಿಂದ ಏನು ತಪ್ಪಾಯ್ತು?” ಎಂದಳು ನನ್ನ ಹೆಂಡತಿ. ಹನ್ನೊಂದು ವರ್ಷದಲ್ಲಿ ಅವಳ ಕೈಯಿಂದ ಯಾರೂ ಬಟ್ಟೆ ಹಿಂದಕ್ಕೆ ಪಡೆದದ್ದಿಲ್ಲ. ಏನೆಂದು ಕೇಳಲು ಒಳಗೆ ನುಗ್ಗಿ, ಬಾಗಿಲು ಮುಂದೆ ಮಾಡಲು ತಿರುಗಿದೆ. ಎಲ್ಲರ ಕಣ್ಣೂ ನನ್ನ ಬೆನ್ನ ಮೇಲೆ.

“ರೀ... ಅದೇನು?”

“ಲೋಗೊ” ಎಂದೆ.

ಆ ಕ್ಷಣದಲ್ಲಿ ಅವಳ ಕಣ್ಣಿನಿಂದ ನಾನೂ ಅದನ್ನು ನೋಡಿದೆ.

“ಸಾರ್, ಇದು ಬಣ್ಣ! ಚಿತ್ರ!” ಎಂದು ವಕೀಲರಿಗೆ ಬೆನ್ನು ತೋರಿಸಿದೆ.

“ಒಳ್ಳೇ ಅಂಗಿ ಮೇಲೆ ಬೇಕೂಂತ ಸುಟ್ಟ ಕಲೆ ಬರ್ಕೊಳ್ಳೋರು ಯಾರ್ರೀ? ಹೆಂಡತಿ ಪರವಾಗಿ ಸುಳ್ಳುಸಾಕ್ಷಿ ಹೇಳ್ಬೇಡಿ” ಎಂದರು. (ಕಲೆಗೂ ಕಲೆಗೂ ವ್ಯತ್ಯಾಸ ತಿಳಿಯದ ಜನ!)

ನಿಜ ಹೇಳಿದರೆ ನಂಬುವವರಿಲ್ಲ. ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಬೈಯಲಿಲ್ಲ, ಅದೇ ಹೆದರಿಕೆ. ನನ್ನ ಕಲಾವಿದನ ಮಾನವನ್ನು ಆ ಮೇಜಿನ ಮೇಲೆ ಮಡಚಿಟ್ಟೆ.

“ಹೌದು ಸಾರ್. ಇವಳು ಇಲ್ಲದಾಗ ನಾನೇ ಇಸ್ತ್ರಿ ಮಾಡಕ್ಕೆ ಹೋಗಿ ಸುಟ್ಕೊಂಡೆ. ಇವಳು ಬೇಡ ಅಂತ ಬಡ್ಕೊಂಡಿದ್ಲು.”

“ಹಾಗೆ ಹೇಳಿ ಮತ್ತೆ! ಮುಖ ನೋಡಿದ್ರೇ ಗೊತ್ತಾಗುತ್ತೆ” ಎಂದು ವಕೀಲರು ಕೋಟನ್ನು ಅಲ್ಲೇ ಬಿಟ್ಟರು. ಹಿಂದಿದ್ದವರೂ ನಗುತ್ತಾ ತಮ್ಮ ಗಂಟುಗಳನ್ನು ಅಲ್ಲೇ ಬಿಟ್ಟರು. ಕ್ಷೌರದವನು ಮಾತ್ರ, “ಇವರನ್ನ ಪೆಟ್ಟಿಗೆ ಹತ್ರ ಬಿಡಲ್ಲ ತಾನೇ ಅಕ್ಕಾ?” ಎಂದು ಖಚಿತ ಮಾಡಿಕೊಂಡ.

ಈಗ ಮೂವತ್ತು ಮನೆಯ ಬಟ್ಟೆ ಬರುತ್ತದೆ. ಬಾಗಿಲ ಮೇಲೆ ಬೋರ್ಡೂ ಇದೆ. ಅದರಲ್ಲಿ ನನ್ನ ಲೋಗೊ, ಅದೇ ಕಂದು, ಅದೇ ಗಾಂಭೀರ್ಯ. ಕೆಳಗೆ ದಪ್ಪ ಅಕ್ಷರದಲ್ಲಿ: “ಇಲ್ಲಿ ಯಜಮಾನರು ಇಸ್ತ್ರಿ ಮಾಡುವುದಿಲ್ಲ.” ಮಾತು ಅವಳದ್ದು. ಏಣಿ ಹತ್ತಿ ಬರೆದವನು ನಾನು. ಕೆಳಗೆ ನಿಂತು ನೋಡಿ, ಮದುವೆಯಾದ ಮೇಲೆ ಮೊದಲ ಸಲ, “ಎಷ್ಟು ಚೆನ್ನಾಗಿ ಬರ್ದಿದ್ದೀರಿ ರೀ!” ಎಂದಳು.