ಮಂಗಳವಾರ, ಶುಕ್ರವಾರದ ಹೊಗೆ

ಯಾವುದನ್ನೂ ಸುಲಭವಾಗಿ ನಂಬುವ ಜಾಯಮಾನ ನನ್ನದಲ್ಲ. ಪಂಚಾಂಗ ನಂಬುವುದಿಲ್ಲ, ರೇಡಿಯೋದ ಹವಾಮಾನ ವರದಿ ನಂಬುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ನನ್ನ ನೆನಪನ್ನು ನಂಬುವುದಿಲ್ಲ. ಬಾಗಿಲಿಗೆ ಬೀಗ ಹಾಕಿ ಬಸ್ ಸ್ಟ್ಯಾಂಡಿನವರೆಗೆ ಹೋದವನು, ಹಾಕಿದೆನೋ ಇಲ್ಲವೋ ಎಂದು ಹಿಂತಿರುಗಿ ಬಂದು, ಹಾಕಿದ ಬೀಗವನ್ನು ತೆಗೆದು ಮತ್ತೆ ಹಾಕುತ್ತೇನೆ. ಇಂಥವನನ್ನೇ ಹುಡುಕಿ ಮೈಸೂರಿನ ನನ್ನ ಹಳೆಯ ಪ್ರೊಫೆಸರು ಹುಣಸೂರಿನ ಗಾಳಿಯ ಉಸ್ತುವಾರಿಗೆ ನೇಮಿಸಿದರು!

ಊರಿನ ಮೂಲೆಮೂಲೆಯಲ್ಲಿ ಎಸ್‌ಟಿಡಿ ಬೂತು ಏಳುತ್ತಿದ್ದ ಕಾಲ. ನಾನು ಇಲ್ಲಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಸಣ್ಣ ಪಟ್ಟಣಗಳ ಗಾಳಿ ಎಷ್ಟು ಕೆಟ್ಟಿದೆ ಎಂದು ಪತ್ತೆ ಮಾಡಲು ಪ್ರೊಫೆಸರು ಒಂದು ಯಂತ್ರ ಕಳಿಸಿದರು. ಇಳಿಜಾರು ತಗಡಿನ ಚಾವಣಿಯಿದ್ದ, ನೋಡಲು ಪುಟ್ಟ ಗುಡಿಯಂತಿದ್ದ ಪೆಟ್ಟಿಗೆ. ಒಳಗಿನ ಮೋಟಾರು ದಿನವಿಡೀ ಊರಿನ ಗಾಳಿಯನ್ನು ಒಂದು ಬಿಳಿ ಕಾಗದದ ಮೂಲಕ ಎಳೆದುಕೊಳ್ಳುತ್ತದೆ. ದೂಳು, ಹೊಗೆ ಕಾಗದದಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಆ ಕಾಗದ ತೆಗೆದು, ಕಾಲೇಜಿನ ತಕ್ಕಡಿಯಲ್ಲಿ ತೂಗಿ, ಗ್ರಾಫ್ ಹಾಳೆಯ ಮೇಲೆ ಒಂದು ಚುಕ್ಕಿ ಇಡಬೇಕು. ಕೋತಿಯೂ ಮಾಡಬಹುದಾದ ಕೆಲಸ. ಆದರೆ ಕೋತಿಗೆ ಎಂ.ಎಸ್ಸಿ. ಆಗಿರಲಿಲ್ಲ!

ಯಂತ್ರವನ್ನು ನಮ್ಮ ಮನೆಯ ತಾರಸಿಯ ಮೇಲೆ ಪ್ರತಿಷ್ಠಾಪಿಸಿದೆ. ಸ್ವಿಚ್ ಹಾಕಿದ ಕೂಡಲೇ ಅದು ಬೀದಿಯೆಲ್ಲ ಕೇಳುವಂತೆ ಗುಂಯ್‌ಗುಟ್ಟಿತು. ಮಧ್ಯಾಹ್ನದ ಹೊತ್ತಿಗೆ ಹೆಂಗಸೊಬ್ಬರು ರಾಗಿ ಮೂಟೆ ಹೊತ್ತು ಬಾಗಿಲಿಗೆ ಬಂದರು.

"ಮೇಷ್ಟ್ರೇ, ಮಿಲ್ಲು ಆಕ್ಸಿದ್ದೀರಂತೆ. ಒಸಿ ನುಣ್ಣಗೆ ಬೀಸ್ಕೊಡಿ."

ಅವರಿಗೆ ವಾಯುಮಾಲಿನ್ಯದ ಬಗ್ಗೆ ವಿವರವಾಗಿ ತಿಳಿಸಿದೆ. ಅವರು ಕೊನೆಯವರೆಗೂ ಕೇಳಿ, "ಅಂಗಾರೆ ರಾಗಿ ಬೀಸಲ್ವಾ?" ಅಂದರು.

ಮೊದಲ ವಾರಗಳಲ್ಲಿ ಚುಕ್ಕಿಗಳು ಒಳ್ಳೆಯ ವಿದ್ಯಾರ್ಥಿಗಳಂತೆ ಸಾಲಾಗಿ ನಿಂತವು. ಆದರೆ ನಡುನಡುವೆ ಒಂದೊಂದು ಚುಕ್ಕಿ ಗ್ರಾಫಿನ ನೆತ್ತಿಗೆ ಹಾರುತ್ತಿತ್ತು. ಆ ದಿನದ ಕಾಗದವೂ ಕಾಫಿ ಸೋಸಿದ ಬಟ್ಟೆಯಂತೆ ಕಂದಾಗಿರುತ್ತಿತ್ತು. ಮೊದಲು ನನ್ನನ್ನೇ ಅನುಮಾನಿಸಿದೆ. ಬಹುಶಃ ಹಳೆಯ ಕಾಗದ ಬದಲಿಸಲು ಮರೆತಿದ್ದೇನೆ!

"ಶಾರದಾ, ನಿನ್ನೆ ನಾನು ಕಾಗದ ಬದಲಾಯಿಸಿದೆನಾ?"

"ನಿನ್ನೆ ನೀವು ಊಟ ಮಾಡಿದ್ರಾ ಅಂತಾನೂ ನನ್ನೇ ಕೇಳಿಬಿಡಿ, ಒಂದೇ ಸಲ ಹೇಳ್ತೀನಿ" ಎಂದಳು ನನ್ನ ಹೆಂಡತಿ.

ಅಂದಿನಿಂದ ಕಾಗದ ಬದಲಿಸುವಾಗ ಅವಳನ್ನು ಸಾಕ್ಷಿಯಾಗಿ ನಿಲ್ಲಿಸಿಕೊಂಡೆ. ಆದರೂ ಚುಕ್ಕಿ ಹಾರಿತು. ಗ್ರಾಫನ್ನು ಗೋಡೆಗೆ ಅಂಟಿಸಿ ದೂರದಿಂದ ನೋಡಿದೆ. ಹಾರಿದ ಚುಕ್ಕಿಗಳೆಲ್ಲ ಮಂಗಳವಾರ ಮತ್ತು ಶುಕ್ರವಾರದವು! ಮಾಲಿನ್ಯಕ್ಕೂ ವಾರವುಂಟೇ? ಯಾರೋ ಮನುಷ್ಯರೇ ಇದನ್ನು ಮಾಡುತ್ತಿದ್ದಾರೆ ಎಂದು ನನ್ನ ವೈಜ್ಞಾನಿಕ ಬುದ್ಧಿ ಘೋಷಿಸಿತು. ಅಷ್ಟಕ್ಕೆ ನಿಲ್ಲಿಸಿದ್ದರೆ ಅದು ಸರಿಯೇ ಇತ್ತು.

ನಮ್ಮ ಮನೆ ಊರಿನ ಅಂಚಿನಲ್ಲಿ. ಹಿತ್ತಲಾಚೆ ಪಕ್ಕದ ಮನೆಯ ಪುಟ್ಟಸ್ವಾಮಣ್ಣನವರ ಹೊಲ. ಹೊಲದಲ್ಲಿ ಹೊಗೆಸೊಪ್ಪು ಬೇಯಿಸುವ ಅವರ ಬ್ಯಾರನ್. ಸೊಪ್ಪಿನ ಕಾಲವಾದ್ದರಿಂದ ಅದರ ಚಿಮಣಿ ಹೊಗೆ ಉಗುಳುತ್ತಲೇ ಇತ್ತು. ಕಣ್ಣೆದುರೇ ಅಪರಾಧಿ! ಬೇಲಿಯ ಹತ್ತಿರ ಹೋಗಿ, ಪ್ರೊಫೆಸರು ಮೈಸೂರಿನಲ್ಲಿ ಕರೆಯುವ ಸಭೆಗೆ ಅಧಿಕಾರಿಗಳು ಬರುತ್ತಾರೆಂದೂ, ಅಲ್ಲಿ ಅವರ ಬ್ಯಾರನ್ನಿನ ಹೆಸರು ಹೇಳುವುದು ನನ್ನ ಕರ್ತವ್ಯವೆಂದೂ ಗಂಭೀರವಾಗಿ ತಿಳಿಸಿದೆ.

ಪುಟ್ಟಸ್ವಾಮಣ್ಣ ಟವೆಲ್ಲನ್ನು ಹೆಗಲಿಂದ ತೆಗೆದು ಕೊಡವಿದರು.

"ಬ್ಯಾರನ್ ಒಲೆ ಅಚ್ಚುದ್ರೆ ಸೊಪ್ಪು ಬೇಯೋಗಂಟ ಅಗಲೂ ರಾತ್ರೀನೂ ಉರೀಬೇಕು ಕಣ್ರೀ ಮೇಷ್ಟ್ರೇ. ಮಂಗ್ಳವಾರ ಸುಕ್ರವಾರ ಮಾತ್ರ ಒಗೆ ಬುಡಕ್ಕೆ ಅದೇನು ವ್ರತ ಇಡ್ಕೊಂಡದಾ?"

"ಆ ದಿನ ಹಸಿ ಸೌದೆ ಹಾಕ್ತೀರೇನೋ!"

"ನಿಮ್ಮ ಮಾತಿಂದ ಬ್ಯಾರನ್ ಲೈಸೆನ್ಸ್ ಕಳ್ಕೊಂಡ್ರೆ ಸೊಪ್ಪ ನಿಮ್ಮ ತಲೆ ಮ್ಯಾಲೆ ಬೇಯಿಸ್ಲಾ?" ಎಂದು ಅವರು ತಿರುಗಿ ನಡೆದರು.

ಅಂದಿನಿಂದ ಅವರ ಮನೆಯಿಂದ ಬರುತ್ತಿದ್ದ ಮಜ್ಜಿಗೆ ನಿಂತಿತು. ಶಾರದಾ ನನ್ನೊಡನೆ ಮಾತು ನಿಲ್ಲಿಸಿದಳು. ನನ್ನ ಅವ್ವ ಮಾತ್ರ "ಯಾರ ಕಣ್ಣು ಬಿತ್ತೋ ಈ ಮನೆ ಮ್ಯಾಲೆ" ಎಂದು ನಿಟ್ಟುಸಿರು ಬಿಟ್ಟಳು. ಸತ್ಯದ ದಾರಿ ಒಂಟಿಯದು ಎಂದು ನಾನು ಮಜ್ಜಿಗೆಯಿಲ್ಲದೆ ಅನ್ನ ತಿಂದೆ.

ಕೆಲವು ದಿನಗಳ ಮೇಲೆ ಪುಟ್ಟಸ್ವಾಮಣ್ಣನೇ ಬೇಲಿಯಾಚೆಯಿಂದ ಕೂಗಿದರು. "ಬೆಂದ ಸೊಪ್ಪು ಈಚೆಗೆ ತಗ್ದಿವ್ನಿ. ಈ ಸುಕ್ರವಾರ ನನ್ನ ಒಲೇಲಿ ಬೆಕ್ಕು ಮನ್ಗಿರ್ತದೆ. ನಿಮ್ಮ ಮಿಸಿನ್ನು ಏನಂತದೋ ನೋಡೇಬುಡಾನ. ನಾನೂ ಬತ್ತೀನಿ."

ಒಪ್ಪಿದೆ. ಪ್ರಯೋಗಕ್ಕೆ ಮೊದಲೇ ತೀರ್ಮಾನ ಕಳಿಸುವುದು ವಿಜ್ಞಾನವಲ್ಲ ಎಂದು ತರಗತಿಯಲ್ಲಿ ಪ್ರತಿ ವರ್ಷ ಹೇಳುವವನು ನಾನು. ಆದರೂ ಗುರುವಾರವೇ ಪ್ರೊಫೆಸರಿಗೆ ವರದಿ ಬರೆದು, ಬ್ಯಾರನ್ನಿನ ಹೆಸರಿನ ಕೆಳಗೆ ಎರಡು ಗೆರೆ ಎಳೆದು, ಲಕೋಟೆ ಅಂಟಿಸಿ ಅಂಚೆ ಡಬ್ಬಿಗೆ ಹಾಕಿ ಬಂದೆ.

ಶುಕ್ರವಾರ ಸಂಜೆ ನಾನು ದಿನದ ವಾಕಿಂಗ್ ತಪ್ಪಿಸಿದೆ. ಪುಟ್ಟಸ್ವಾಮಣ್ಣ ತಾರಸಿಗೆ ಬಂದರು. ಹೊಲದ ಚಿಮಣಿಯಲ್ಲಿ ಹೊಗೆಯ ಸುಳಿವಿಲ್ಲ. ಯಂತ್ರ ತೆರೆದು ನೋಡಿದೆವು, ಕಾಗದ ಬೆಳ್ಳಗಿತ್ತು. ನಾನು ಗೆದ್ದೆನೆಂದು ಎದೆಯುಬ್ಬಿಸಿ, ಮುಚ್ಚಿ ಮತ್ತೆ ಚಾಲೂ ಮಾಡಿದೆ.

ಆಗ ಮೆಟ್ಟಿಲ ಮೇಲೆ ಘಮಘಮ ವಾಸನೆ. ಅದರ ಹಿಂದೆ ಹೊಗೆ. ಹೊಗೆಯ ಹಿಂದೆ ಅವ್ವ!

ಕೈಯಲ್ಲಿ ಧಗಧಗಿಸುವ ಕೆಂಡದ ಧೂಪಾರತಿ. ನಮ್ಮ ಕಡೆ ನೋಡದೆ ಯಂತ್ರಕ್ಕೆ ಕುಂಕುಮವಿಟ್ಟು, ಒಂದು ಹಿಡಿ ಸಾಂಬ್ರಾಣಿ ಸುರಿದು, ಅದರ ಸುತ್ತ ಪ್ರದಕ್ಷಿಣೆ ಬರತೊಡಗಿದಳು. ಯಂತ್ರವೋ, ಹಸಿದ ದೇವರಂತೆ ಅಷ್ಟೂ ಹೊಗೆಯನ್ನು ಗಬಗಬನೆ ನುಂಗಿತು! ಮನೆಗೆ ಬಿದ್ದ ಕಣ್ಣು ದೊಡ್ಡದೆಂದು ಆವತ್ತು ಅವ್ವ ಒಣಮೆಣಸಿನಕಾಯಿಯನ್ನೂ ಸೇರಿಸಿದ್ದಳು. ಊರಿನ ವಾಯುಮಾಲಿನ್ಯ ನನ್ನ ಮೂಗಿಗೆ ನೇರವಾಗಿ ತಗುಲಿದ್ದು ಅದೇ ಮೊದಲು.

"ಅವ್ವಾ! ಇದೇನು ಮಾಡ್ತಿದ್ದೀಯ?" ಕೆಮ್ಮುತ್ತ ಕೇಳಿದೆ.

"ಇದೇನು ಒಸ್ದಾ? ಪ್ರತಿ ಮಂಗ್ಳವಾರ ಸುಕ್ರವಾರ ಮಾಡ್ತಾನೇ ಇವ್ನಿ. ನೀನೇ ಅಂದ್ಯಲ್ಲಪ್ಪ, ಬಾರಿ ಬೆಲೆ ಮಿಸಿನ್ನು, ಇದಕ್ಕೇನಾರ ಆದ್ರೆ ನನ್ನ ಕತೆ ಮುಗೀತು, ಚೆನ್ನಾಗಿ ನೋಡ್ಕೋ ಅವ್ವ ಅಂತ."

"ನಾನು ಹಾಗೆ ಹೇಳೇ ಇಲ್ಲ!"

"ಹೇಳಿದ್ರಿ, ನಾನೇ ಸಾಕ್ಷಿ" ಎಂದು ಮೆಟ್ಟಿಲ ಮೇಲಿನಿಂದ ಶಾರದಾ ಮೌನವ್ರತ ಮುರಿದಳು.

"ಧೂಪದ ವಿಷಯ ನಿನಗೂ ಗೊತ್ತಿತ್ತಾ? ನನಗೇಕೆ ಹೇಳಲಿಲ್ಲ?"

"ಪೂಜೆ ಅಂದ್ರೆ ನೀವು ಒಂದು ಗಂಟೆ ಭಾಷಣ ಬಿಗೀತೀರಿ. ಅದಕ್ಕೇ ಅತ್ತೆ ನೀವು ವಾಕಿಂಗ್ ಹೋದಾಗ ಮಾಡ್ತಿದ್ರು. ಇವತ್ತು ನೀವು ಹೋಗ್ಲೇ ಇಲ್ಲ."

ಪುಟ್ಟಸ್ವಾಮಣ್ಣ ನಕ್ಕು ನಕ್ಕು ತಾರಸಿಯ ಮೋಟುಗೋಡೆಯ ಮೇಲೆ ಕುಸಿದರು. ಆಮೇಲೆ ಇದ್ದಕ್ಕಿದ್ದಂತೆ ನಗು ನಿಲ್ಲಿಸಿದರು.

"ಮೇಷ್ಟ್ರೇ, ರಿಪೋಲ್ಟು ಕಳಿಸ್ನಿಲ್ಲ ತಾನೆ?"

ನನ್ನ ಕಾಲ ಕೆಳಗಿನ ತಾರಸಿ ಜಾರಿತು. "ನಿನ್ನೆಯೇ ಡಬ್ಬಿಗೆ ಹಾಕಿದೆ. ಕಣ್ಣಿಗೆ ಕಟ್ಟಿದ ಹಾಗಿದೆ. ಲಕೋಟೆ ಒಳಗೆ ಬಿದ್ದ ಸದ್ದೂ ನೆನಪಿದೆ" ಎಂದೆ. ಪುಟ್ಟಸ್ವಾಮಣ್ಣನವರ ಮುಖ ಬಿಳಿಚಿತು. ಶಾರದಾ ಸರಸರನೆ ಕೆಳಗೆ ಹೋದಳು. ವಾಪಸು ಬಂದಾಗ ಅವಳ ಕೈಯಲ್ಲಿ ನನ್ನ ಕಾಲೇಜಿನ ಚೀಲ. ಚೀಲದೊಳಗೆ ಅಂಟಿಸಿದ ಲಕೋಟೆ!

"ಹಾಗಾದರೆ ನಾನು ಡಬ್ಬಿಗೆ ಹಾಕಿದ್ದೇನು?"

"ಕರೆಂಟ್ ಬಿಲ್ಲು ನಿನ್ನೆಯಿಂದ ಕಾಣ್ತಿಲ್ಲ" ಎಂದಳು.

ನನ್ನ ಮರೆವಿಗೆ ಜೀವನದಲ್ಲಿ ಮೊದಲ ಬಾರಿ ಕೈಮುಗಿದೆ. ಅಲ್ಲೇ ಧೂಪಾರತಿಯ ಕೆಂಡಕ್ಕೆ ಲಕೋಟೆ ಹಾಕಿದೆ. ಯಂತ್ರ ಅದರ ಹೊಗೆಯನ್ನೂ ನಿಷ್ಪಕ್ಷಪಾತವಾಗಿ ನುಂಗಿತು. ಪುಟ್ಟಸ್ವಾಮಣ್ಣ ದೀರ್ಘವಾಗಿ ಉಸಿರು ಬಿಟ್ಟು, "ಅವ್ವಾ, ನಾಳೆ ನಮ್ಮ ಬ್ಯಾರನ್ನಿಗೂ ಒಸಿ ದೂಪ ಆಕ್ಬುಡು" ಎಂದರು. ರಾತ್ರಿಯ ಊಟಕ್ಕೆ ಮಜ್ಜಿಗೆ ಬಂತು. ಅಷ್ಟು ರುಚಿಯ ಮಜ್ಜಿಗೆಯನ್ನು ನಾನು ಕುಡಿದ ನೆನಪಿಲ್ಲ. ನನ್ನ ನೆನಪಿನ ಮಾತು ಬಿಡಿ.

ಪ್ರೊಫೆಸರಿಗೆ ಫೋನಿನಲ್ಲಿ ನಿಜ ಹೇಳಿದೆ. ಅವರು "ಯಂತ್ರ ಸರಿಯಾಗಿದೆ. ಮನೆ ಬದಲಾಯಿಸಿ" ಎಂದರು. ಬೀದಿಯಲ್ಲಿ ಆ ಗದ್ದಲಕ್ಕೆ ಜಾಗ ಕೊಡಲು ಒಪ್ಪಿದ್ದು ಒಬ್ಬರೇ.

ಈಗ ಯಂತ್ರ ಪುಟ್ಟಸ್ವಾಮಣ್ಣನವರ ತಾರಸಿಯ ಮೇಲಿದೆ. ಅದರ ಪಕ್ಕದಲ್ಲಿ ನಿಂತು ಅವರು ಬೀದಿಗೆಲ್ಲ ಕೇಳುವಂತೆ ಕೂಗುತ್ತಾರೆ:

"ಮೇಷ್ಟ್ರೇ, ಇವತ್ತು ನಿಮ್ಮನೆ ಒಗ್ಗರಣೆ ಒಗೆ ಜಾಸ್ತಿ ಆಯ್ತು ಕಣ್ರೀ! ಮೈಸೂರ್ಗೆ ಬರ್ದಾಕ್ಲಾ?"

ನಾನು ತೆಪ್ಪಗೆ ಹೋಗಿ ಅಡುಗೆಮನೆಯ ಕಿಟಕಿ ಮುಚ್ಚುತ್ತೇನೆ. ಆಮೇಲೆ ಮುಚ್ಚಿದೆನೋ ಇಲ್ಲವೋ ಎಂದು ಶಾರದಾಳನ್ನು ಕೇಳುತ್ತೇನೆ.